ಗಾಯಕದೋಷ ಮತ್ತು ಗಾನದ ನೀತಿ: ಒಂದು ವಿವೇಚನೆ

ಸಂಗೀತವನ್ನು ‘ಕೆಟ್ಟದ್ದು’ ಎನ್ನುವಾಗ ಎರಡು ಅರ್ಥಗಳು ಬೆರೆತಿರುತ್ತವೆ. ಕಿವಿಗೆ ಹಿತವಿಲ್ಲವೆಂಬುದು ರಸವಿಚಾರ. ಬಾಳಿಗೆ ಹಿತವಲ್ಲವೆಂಬುದು ನೀತಿವಿಚಾರ. ಇವೆರಡನ್ನೂ ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದಕ್ಕೆ ಶಾಸ್ತ್ರಪರಂಪರೆಯಲ್ಲಿ ಖಚಿತವಾದ ಆಧಾರವಿದೆ. ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು 13ನೆಯ ಶತಮಾನದ ‘ಸಂಗೀತರತ್ನಾಕರ’ದ ಪ್ರಕೀರ್ಣಕಾಧ್ಯಾಯದಲ್ಲಿ 25 ಬಗೆಯ ದೋಷಯುಕ್ತ ಗಾಯಕರನ್ನು ಹೆಸರಿಸುತ್ತಾನೆ. ಹಲ್ಲು ಕಚ್ಚಿ ಹಾಡುವವನು ಸಂದಷ್ಟ, ಕಾಗೆಯಂತೆ ಕರ್ಕಶನಾದವನು ಕಾಕೀ, ತಾಳ ತಪ್ಪುವವನು ವಿತಾಲ, ಕಣ್ಣು ಮುಚ್ಚಿ ಹಾಡುವವನು ನಿಮೀಲಕ, ರಸಹೀನನಾದವನು ವಿರಸ. ಇವುಗಳಲ್ಲಿ ಹೆಚ್ಚಿನವು ಶಾರೀರ, ಅಂಗಚೇಷ್ಟೆ, ಅವಧಾನಗಳಿಗೆ ಸಂಬಂಧಿಸಿದವು, ಸಾಧನೆಯಿಂದ ನೀಗುವಂಥವು. ಕಾಲಭೇದದಿಂದ ಬದಲಾಗುವಂಥವೂ ಉಂಟು: ಕಣ್ಣು ಮುಚ್ಚಿ ಹಾಡುವುದನ್ನು ಇಂದಿನ ಶ್ರೋತೃಗಳು ತನ್ಮಯತೆಯ ಲಕ್ಷಣವೆಂದು ಭಾವಿಸುವುದುಂಟು. ಗಾಯಕನ ಕುಲವಾಗಲಿ, ಗೀತದ ವಸ್ತುವಾಗಲಿ ಈ ಪಟ್ಟಿಯಲ್ಲಿ ದೋಷವಾಗಿ ಬಂದಿಲ್ಲವೆಂಬುದು ಗಮನಾರ್ಹ.

ನೀತಿವಿಚಾರದಲ್ಲಿ ಇಂಥ ಏಕಸೂತ್ರತೆಯಿಲ್ಲ. ಮನುಸ್ಮೃತಿಯ 7ನೆಯ ಅಧ್ಯಾಯವು ಗೀತ-ವಾದ್ಯ-ನೃತ್ಯಗಳನ್ನು ಅರಸನು ತ್ಯಜಿಸಬೇಕಾದ ಕಾಮಜನ್ಯ ವ್ಯಸನಗಳಲ್ಲಿ ಎಣಿಸುತ್ತದೆ. ಯಾಜ್ಞವಲ್ಕ್ಯಸ್ಮೃತಿಯಾದರೋ ವೀಣಾವಾದನದ ತತ್ತ್ವವನ್ನು ಬಲ್ಲವನಿಗೆ ಮೋಕ್ಷಮಾರ್ಗವು ಸುಲಭವೆನ್ನುತ್ತದೆ. ನಾದವೊಂದೇ, ಭೇದವಿರುವುದು ಅದರಲ್ಲಿ ತೊಡಗುವ ಮನಸ್ಸಿನ ಸ್ಥಿತಿಯಲ್ಲಿ.

ಈ ವಿವೇಕ ತಪ್ಪಿದಾಗ ಆಗುವ ಅನ್ಯಾಯಕ್ಕೆ ಪದ ಮತ್ತು ಜಾವಳಿಗಳ ಇತಿಹಾಸವೇ ನಿದರ್ಶನ. ಮೈಸೂರು ಸರ್ಕಾರವು 1909ರಲ್ಲಿ ಮುಜರಾಯಿ ದೇವಾಲಯಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಮದರಾಸು ಪ್ರಾಂತದಲ್ಲಿ 1947ರಲ್ಲಿ ದೇವದಾಸಿಯಾಗಿ ಸಮರ್ಪಿಸುವುದನ್ನು ನಿಷೇಧಿಸುವ ಕಾಯಿದೆ ಬಂದಿತು. ಎಳೆಯ ಹೆಣ್ಣುಮಕ್ಕಳ ಶೋಷಣೆಯನ್ನು ತಡೆಯುವುದು ನ್ಯಾಯವೇ ಆಗಿತ್ತು. ಆದರೆ ಪದ್ಧತಿಯ ಮೇಲಿನ ಕಳಂಕವು ಆ ಸ್ತ್ರೀಯರ ಕಂಠದಲ್ಲಿ ಉಳಿದುಬಂದಿದ್ದ ಶೃಂಗಾರರಚನೆಗಳಿಗೂ ಅಂಟಿತು. ಕಲೆಯನ್ನು ಕಾಪಾಡಿದವರೇ ಮಾನವನ್ನೂ ಜೀವನೋಪಾಯವನ್ನೂ ಕಳೆದುಕೊಂಡರು. ಮುಂದೆ ವೀಣಾ ಧನಮ್ಮಾಳ್ ಮನೆತನದ ಬಾಲಸರಸ್ವತಿಯವರಿಗೆ 1973ರಲ್ಲಿಯೂ, ಪದಗಾಯನದಲ್ಲಿ ಹೆಸರಾದ ಟಿ. ಬೃಂದಾ ಅವರಿಗೆ 1976ರಲ್ಲಿಯೂ ಮದರಾಸಿನ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಪ್ರಶಸ್ತಿ ಸಂದಿತು. ಅಷ್ಟರಲ್ಲಿ ಬದಲಾದದ್ದು ಸ್ವರಗಳಲ್ಲ, ಸಮಾಜದ ದೃಷ್ಟಿ.

ಆದ್ದರಿಂದ ಅಪಸ್ವರದ ವಿಚಾರವನ್ನು ಶಾಸ್ತ್ರವೂ ಕಿವಿಯೂ ನಿರ್ಣಯಿಸಲಿ. ನೀತಿಯ ಪ್ರಶ್ನೆಯನ್ನಾದರೋ, ಗೀತವು ಯಾರನ್ನು ಹೇಗೆ ನಡೆಸಿಕೊಂಡಿತು, ಯಾರ ಬಾಯಿ ಕಟ್ಟಿತು ಎಂಬಲ್ಲಿ ಕೇಳಬೇಕು. ಕೆಟ್ಟ ವ್ಯವಸ್ಥೆಯೊಳಗೂ ಶ್ರೇಷ್ಠ ಸಂಗೀತ ಹುಟ್ಟಬಲ್ಲದು. ಅದರಿಂದ ವ್ಯವಸ್ಥೆ ಒಳ್ಳೆಯದಾಗುವುದಿಲ್ಲ, ಸಂಗೀತ ಕೆಟ್ಟದ್ದಾಗುವುದೂ ಇಲ್ಲ.