ಆಡಿಯೊ ಗೈಡ್ ನೆರವಿನಿಂದ ಪ್ಯಾಂಥಿಯನ್ ವೀಕ್ಷಣೆ

ಪ್ಯಾಂಥಿಯನ್ ಇಟಲಿಯ ರೋಮ್ ನಗರದಲ್ಲಿರುವ ಪ್ರಾಚೀನ ರೋಮನ್ ಸ್ಮಾರಕ. ಕ್ರಿ.ಶ. 2ನೆಯ ಶತಮಾನದ ಪೂರ್ವಾರ್ಧದಲ್ಲಿ ನಿರ್ಮಾಣವಾದ ಈ ಕಟ್ಟಡವು ಕ್ರಿ.ಶ. 609ರಿಂದ ಕ್ರೈಸ್ತ ಚರ್ಚ್ ಆಗಿ ಬಳಕೆಯಲ್ಲಿದೆ. ಕಬ್ಬಿಣದ ಸರಳುಗಳಿಲ್ಲದೆ ಕಟ್ಟಿದ ಕಾಂಕ್ರೀಟ್ ಗುಮ್ಮಟಗಳಲ್ಲಿ ಪ್ರಪಂಚದಲ್ಲಿಯೇ ದೊಡ್ಡದಾದುದು ಇದರದು. ಸ್ಮಾರಕವನ್ನು ನೋಡಲು ಬರುವವರಲ್ಲಿ ಅನೇಕರು ಮಾರ್ಗದರ್ಶಕರ ಗುಂಪನ್ನು ಸೇರದೆ, ಮೊದಲೇ ಧ್ವನಿಮುದ್ರಿಸಿದ ವಿವರಣೆಯನ್ನು ಕೇಳುತ್ತ ತಾವೇ ಸುತ್ತಾಡುತ್ತಾರೆ. ಇಂತಹ ವಿವರಣೆಯನ್ನು ಆಡಿಯೊ ಗೈಡ್ ಅಥವಾ ಧ್ವನಿ ಮಾರ್ಗದರ್ಶಿ ಎಂದು ಕರೆಯುತ್ತಾರೆ. ಪ್ಯಾಂಥಿಯನ್ನಿನ ಮುಂಭಾಗದ ಶಾಸನವು ಈಗಿರುವ ಕಟ್ಟಡದ ನಿರ್ಮಾತೃವಲ್ಲದವನ ಹೆಸರನ್ನು ಹೇಳುವುದರಿಂದ, ಬರಿಗಣ್ಣಿನ ನೋಟ ಸಾಲದೆ ವಿವರಣೆಯೂ ಬೇಕಾಗುವ ಸ್ಮಾರಕಗಳಿಗೆ ಇದೊಂದು ಉತ್ತಮ ನಿದರ್ಶನವಾಗಿದೆ.

ಆಡಿಯೊ ಗೈಡ್‌ನ ಹಿನ್ನೆಲೆ

ವಸ್ತುಸಂಗ್ರಹಾಲಯಗಳಲ್ಲಿ ಧ್ವನಿ ವಿವರಣೆಯ ಬಳಕೆಯು 1952ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ವಸ್ತುಸಂಗ್ರಹಾಲಯದಲ್ಲಿ ಆರಂಭವಾಯಿತು. ಅಲ್ಲಿ ಟೇಪಿನ ಧ್ವನಿಯನ್ನು ರೇಡಿಯೊ ಅಲೆಗಳ ಮೂಲಕ ಪ್ರಸಾರ ಮಾಡಲಾಗುತ್ತಿತ್ತು. ವೀಕ್ಷಕರು ಕೈಯಲ್ಲಿ ಹಿಡಿಯುವ ಗ್ರಾಹಕ ಯಂತ್ರಗಳಿಂದ ಅದನ್ನು ಕೇಳುತ್ತಿದ್ದರು. ಎಲ್ಲರಿಗೂ ಒಂದೇ ಕ್ಷಣದಲ್ಲಿ ಒಂದೇ ಮಾತು ಕೇಳಿಸುತ್ತಿದ್ದುದರಿಂದ ಗುಂಪು ಒಟ್ಟಾಗಿಯೇ ಮುಂದೆ ಸಾಗಬೇಕಾಗಿತ್ತು. ಅನಂತರ ಬಂದ ಕ್ಯಾಸೆಟ್ ಯಂತ್ರಗಳು ವೀಕ್ಷಕನಿಗೆ ನಿಲ್ಲುವ ಸ್ವಾತಂತ್ರ್ಯವನ್ನು ಕೊಟ್ಟವು. ಸಂಖ್ಯೆಯನ್ನು ಒತ್ತಿದರೆ ಆಯಾ ವಸ್ತುವಿನ ವಿವರಣೆ ಕೇಳಿಸುವ ಡಿಜಿಟಲ್ ಉಪಕರಣಗಳು ಬೇಕಾದ ಕ್ರಮದಲ್ಲಿ ನೋಡುವುದನ್ನು ಸಾಧ್ಯಗೊಳಿಸಿದವು. ಇಂದು ಮೊಬೈಲ್ ಫೋನಿನ ಆ್ಯಪ್‌ಗಳು ಈ ಕೆಲಸವನ್ನು ಬಹುಮಟ್ಟಿಗೆ ನಿರ್ವಹಿಸುತ್ತವೆ.

ಚೌಕ ಮತ್ತು ಹೊರನೋಟ

ವಿವರಣೆಯನ್ನು ಸಾಮಾನ್ಯವಾಗಿ ಕಟ್ಟಡದ ಎದುರಿನ ಪಿಯಾಝಾ ಡೆಲ್ಲಾ ರೊಟೊಂಡಾ ಎಂಬ ಚೌಕದಲ್ಲಿ ಆರಂಭಿಸುವುದು ಅನುಕೂಲಕರ. ಚೌಕದ ಕಾರಂಜಿಯನ್ನು 16ನೆಯ ಶತಮಾನದಲ್ಲಿ ಜಾಕೊಮೊ ಡೆಲ್ಲಾ ಪೋರ್ಟಾ ವಿನ್ಯಾಸಗೊಳಿಸಿದನು. ಅದರ ಮೇಲಿರುವ ಏಕಶಿಲಾ ಸ್ತಂಭವು ಈಜಿಪ್ಟಿನ ಫೇರೊ 2ನೆಯ ರಾಮ್ಸೆಸನ ಕಾಲದ್ದು. 1711ರಲ್ಲಿ ಅದನ್ನು ಇಲ್ಲಿ ನಿಲ್ಲಿಸಲಾಯಿತು.

ಚೌಕದ ನೆಲವು ಕಟ್ಟಡದ ಕಡೆಗೆ ಇಳಿಜಾರಾಗಿದೆ. ಪ್ರಾಚೀನ ಕಾಲದಲ್ಲಿ ಜನರು ಮೆಟ್ಟಿಲುಗಳನ್ನು ಏರಿ ಮುಖಮಂಟಪವನ್ನು ತಲುಪುತ್ತಿದ್ದರು. ಶತಮಾನಗಳಿಂದ ಸುತ್ತಲಿನ ನೆಲ ಏರುತ್ತ ಬಂದುದರಿಂದ ಮೆಟ್ಟಿಲುಗಳು ಮುಚ್ಚಿಹೋಗಿವೆ. ಆ ಕಾಲದಲ್ಲಿ ಎದುರಿಗೆ ಕಂಬಸಾಲುಗಳಿಂದ ಸುತ್ತುವರಿದ ಉದ್ದನೆಯ ಅಂಗಳವಿತ್ತು. ಎತ್ತರದ ಮುಖಮಂಟಪವು ಹಿಂದಿನ ಗುಮ್ಮಟವನ್ನು ಮರೆಮಾಡುತ್ತಿದ್ದುದರಿಂದ, ಒಳಗೆ ಕಾಲಿಡುವವರೆಗೂ ವೃತ್ತಾಕಾರದ ಸಭಾಂಗಣದ ಸುಳಿವು ಸಿಗುತ್ತಿರಲಿಲ್ಲ.

ಶಾಸನ ಮತ್ತು ನಿರ್ಮಾತೃವಿನ ಪ್ರಶ್ನೆ

ಮುಖಮಂಟಪದ ಮೇಲಿನ ದೊಡ್ಡ ಲ್ಯಾಟಿನ್ ಶಾಸನದ ಅರ್ಥ: ಲೂಸಿಯಸನ ಮಗನಾದ ಮಾರ್ಕಸ್ ಅಗ್ರಿಪ್ಪನು ಮೂರನೆಯ ಬಾರಿಗೆ ಕಾನ್ಸಲ್ ಆಗಿದ್ದಾಗ ಇದನ್ನು ಕಟ್ಟಿಸಿದನು. ಅಗ್ರಿಪ್ಪನು ಸಾಮ್ರಾಟ ಆಗಸ್ಟಸನ ಗೆಳೆಯ, ಸೇನಾನಿ ಮತ್ತು ಅಳಿಯ. ಅವನ ಮೂರನೆಯ ಕಾನ್ಸಲ್ ಅವಧಿಯು ಕ್ರಿ.ಪೂ. 27ಕ್ಕೆ ಸೇರುತ್ತದೆ. ಆದರೆ ಅಗ್ರಿಪ್ಪನು ಕಟ್ಟಿಸಿದ ಕಟ್ಟಡ ಈಗ ಕಾಣುವುದಲ್ಲ. ಆ ಕಟ್ಟಡವು ಕ್ರಿ.ಶ. 80ರ ಬೆಂಕಿಯಲ್ಲಿ ಹಾನಿಗೊಂಡಿತು. ಸಾಮ್ರಾಟ ಡೊಮಿಷಿಯನನು ಅದನ್ನು ಸರಿಪಡಿಸಿದ ಮೇಲೆ 110ರಲ್ಲಿ ಮತ್ತೊಮ್ಮೆ ಸುಟ್ಟುಹೋಯಿತು. ಇಂದಿನ ಕಟ್ಟಡದ ನಿರ್ಮಾಣವು ಟ್ರೇಜನನ ಆಳ್ವಿಕೆಯ ಕೊನೆಯಲ್ಲಿ ಆರಂಭವಾಗಿ ಹೇಡ್ರಿಯನನ ಕಾಲದಲ್ಲಿ (117–138) ಪೂರ್ಣಗೊಂಡಿತೆಂದು ಈಗಿನ ವಿದ್ವಾಂಸರಲ್ಲಿ ಅನೇಕರು ಅಭಿಪ್ರಾಯಪಡುತ್ತಾರೆ.

ಈ ತೀರ್ಮಾನಕ್ಕೆ ಆಧಾರ ಒದಗಿಸಿದ್ದು ಇಟ್ಟಿಗೆಗಳು. ರೋಮಿನ ಇಟ್ಟಿಗೆ ತಯಾರಕರು ಹಸಿ ಇಟ್ಟಿಗೆಯ ಮೇಲೆ ಮುದ್ರೆಯೊತ್ತುವ ರೂಢಿಯಿತ್ತು; ಕೆಲವು ಮುದ್ರೆಗಳಲ್ಲಿ ಆ ವರ್ಷದ ಕಾನ್ಸಲ್‌ಗಳ ಹೆಸರೂ ಇರುತ್ತಿತ್ತು. 1892ರಲ್ಲಿ ಫ್ರೆಂಚ್ ವಾಸ್ತುಶಿಲ್ಪಿ ಜಾರ್ಜ್ ಶೆಡಾನ್ ಪ್ಯಾಂಥಿಯನ್ನಿನ ಗೋಡೆಗಳಲ್ಲಿದ್ದ ಇಂತಹ ಮುದ್ರೆಗಳನ್ನು ಪರಿಶೀಲಿಸಿದಾಗ ಅವು ಅಗ್ರಿಪ್ಪನ ಕಾಲದವಲ್ಲ, 2ನೆಯ ಶತಮಾನದವು ಎಂಬುದು ಸ್ಪಷ್ಟವಾಯಿತು. ಹೇಡ್ರಿಯನನು ತಾನು ಪುನರ್ನಿರ್ಮಿಸಿದ ಕಟ್ಟಡಗಳ ಮೇಲೆ ಮೂಲ ನಿರ್ಮಾತೃಗಳ ಹೆಸರನ್ನೇ ಉಳಿಸುತ್ತಿದ್ದನೆಂದು ಅವನ ಪ್ರಾಚೀನ ಜೀವನಚರಿತ್ರೆ ತಿಳಿಸುತ್ತದೆ.

ಶಾಸನದಿಂದ ತಪ್ಪು ತಿಳಿವಳಿಕೆಗೆ ಒಳಗಾದವರು ಇಂದಿನ ಪ್ರವಾಸಿಗಳಷ್ಟೇ ಅಲ್ಲ. ಹೇಡ್ರಿಯನನ ತರುವಾಯ ಬಂದ ಇತಿಹಾಸಕಾರ ಕ್ಯಾಸಿಯಸ್ ಡಿಯೊ, ಆಕಾಶವನ್ನು ಹೋಲುವ ಕಮಾನಿನ ಮಾಡಿನಿಂದಾಗಿ ಕಟ್ಟಡಕ್ಕೆ ಈ ಹೆಸರು ಬಂದಿರಬಹುದೆಂದು ಊಹಿಸುತ್ತಾನೆ. ಆದರೆ ನಿರ್ಮಾಣದ ಕೀರ್ತಿಯನ್ನು ಅಗ್ರಿಪ್ಪನಿಗೇ ಕೊಡುತ್ತಾನೆ. ದೊಡ್ಡ ಶಾಸನದ ಕೆಳಗೆ ಸಣ್ಣ ಅಕ್ಷರಗಳ ಇನ್ನೊಂದು ಶಾಸನವಿದೆ. ಸೆಪ್ಟಿಮಿಯಸ್ ಸೆವೆರಸ್ ಮತ್ತು ಕ್ಯಾರಕಲ್ಲಾ 202ರಲ್ಲಿ ನಡೆಸಿದ ಜೀರ್ಣೋದ್ಧಾರವನ್ನು ಅದು ದಾಖಲಿಸುತ್ತದೆ. ಚೌಕದಿಂದ ನೋಡುವವರಿಗೆ ಅದು ಸುಲಭವಾಗಿ ಕಾಣಿಸದು. ಧ್ವನಿ ವಿವರಣೆಯು ದೃಷ್ಟಿಯನ್ನು ಅತ್ತ ಕೊಂಡೊಯ್ಯುತ್ತದೆ.

ಮುಖಮಂಟಪ

ಮುಖಮಂಟಪದಲ್ಲಿ 16 ಏಕಶಿಲಾ ಗ್ರಾನೈಟ್ ಕಂಬಗಳಿವೆ. ಪ್ರತಿಯೊಂದು ಕಂಬದ ದಂಡದ ಎತ್ತರ ಸುಮಾರು 12 ಮೀಟರ್. ಮುಂದಿನ ಸಾಲಿನ ಬೂದು ಕಲ್ಲನ್ನು ಈಜಿಪ್ಟಿನ ಪೂರ್ವ ಮರುಭೂಮಿಯ ಮಾನ್ಸ್ ಕ್ಲಾಡಿಯಾನಸ್ ಗಣಿಯಿಂದಲೂ, ಹಿಂದಿನ ನಸುಗೆಂಪು ಕಲ್ಲನ್ನು ಅಸ್ವಾನ್‌ನಿಂದಲೂ ತರಲಾಯಿತು. ಅವು ನೈಲ್ ನದಿ, ಮೆಡಿಟರೇನಿಯನ್ ಸಮುದ್ರ ಮತ್ತು ಟೈಬರ್ ನದಿಯ ಮೂಲಕ ರೋಮನ್ನು ತಲುಪಿದವು. ಪೂರ್ವದ ಅಂಚಿನ ಮೂರು ಕಂಬಗಳು 17ನೆಯ ಶತಮಾನದಲ್ಲಿ ಬದಲಾಯಿಸಿದವು; ಮೂಲೆಯ ಕಂಬದ ಬೋದಿಗೆಯಲ್ಲಿ ಬಾರ್ಬೆರಿನಿ ಮನೆತನದ ಲಾಂಛನವಾದ ಜೇನುಹುಳು ಕಾಣುತ್ತದೆ.

ಅದೇ ಮನೆತನದ ಪೋಪ್ 8ನೆಯ ಅರ್ಬನ್ ಮುಖಮಂಟಪದ ಮಾಡಿನಲ್ಲಿದ್ದ ಕಂಚಿನ ತೊಲೆಗಳನ್ನು ತೆಗೆಸಿ, ಬಹುಭಾಗವನ್ನು ಕ್ಯಾಸ್ಟೆಲ್ ಸಾಂಟಾಂಜೆಲೊ ಕೋಟೆಯ ಫಿರಂಗಿಗಳಿಗೆ ಬಳಸಿದನು. ಅನಾಗರಿಕ ಪಡೆಗಳು ಮಾಡದೆ ಬಿಟ್ಟ ಹಾನಿಯನ್ನು ಬಾರ್ಬೆರಿನಿಗಳು ಮಾಡಿದರೆಂಬ ಚುಚ್ಚುಮಾತು ಆಗ ರೋಮಿನಲ್ಲಿ ಹುಟ್ಟಿಕೊಂಡಿತು. ಅದಕ್ಕೂ ಬಹಳ ಮೊದಲು, 663ರಲ್ಲಿ, ಬೈಜಾಂಟಿಯಮ್ಮಿನ ಸಾಮ್ರಾಟ 2ನೆಯ ಕಾನ್‌ಸ್ಟನ್ಸ್ ಮಾಡಿನ ಕಂಚಿನ ಹೆಂಚುಗಳನ್ನು ಕೊಂಡೊಯ್ದಿದ್ದನು.

ಗುಮ್ಮಟ ಮತ್ತು ಒಕ್ಯುಲಸ್

ಕಂಚಿನ ಬಾಗಿಲನ್ನು ದಾಟಿದರೆ ವೃತ್ತಾಕಾರದ ಸಭಾಂಗಣ. ಅದರ ಒಳವ್ಯಾಸ ಸುಮಾರು 43.3 ಮೀಟರ್, ನೆಲದಿಂದ ಗುಮ್ಮಟದ ತುದಿಯವರೆಗಿನ ಎತ್ತರವೂ ಅಷ್ಟೇ. ಆದುದರಿಂದ ಅದೇ ವ್ಯಾಸದ ಪೂರ್ಣ ಗೋಳವೊಂದು ಒಳಗೆ ಸರಿಯಾಗಿ ಹಿಡಿಯುತ್ತದೆ. ಈ ಅನುಪಾತವು ನಿಂತಲ್ಲಿಂದ ಕಣ್ಣಿಗೆ ಹೊಳೆಯುವುದು ಕಷ್ಟ. ಸಭಾಂಗಣದ ನಡುವೆ ನಿಂತು ಸುತ್ತಲೂ ತಿರುಗಿ ನೋಡುವಂತೆ ಧ್ವನಿ ಮಾರ್ಗದರ್ಶಿಗಳು ಸೂಚಿಸುವುದು ಇದೇ ಕಾರಣಕ್ಕೆ.

ಗುಮ್ಮಟ ಕುಸಿಯದೆ ನಿಂತಿರುವುದಕ್ಕೆ ಮುಖ್ಯ ಕಾರಣ ಮೇಲೇರಿದಂತೆ ಅದರ ಭಾರವನ್ನು ಕಡಿಮೆ ಮಾಡಿರುವುದು. ಇದನ್ನು ಮೂರು ವಿಧಗಳಲ್ಲಿ ಸಾಧಿಸಲಾಗಿದೆ. ಮೊದಲನೆಯದು ದಪ್ಪ: ಬುಡದಲ್ಲಿ 6 ಮೀಟರಿಗಿಂತ ಹೆಚ್ಚು ಇರುವ ಗುಮ್ಮಟವು ತುದಿಯಲ್ಲಿ ಸುಮಾರು 1.2 ಮೀಟರಿಗೆ ಇಳಿಯುತ್ತದೆ. ಎರಡನೆಯದು ಕಾಂಕ್ರೀಟಿನ ಜಲ್ಲಿ: ಕೆಳಗಿನ ಭಾಗಗಳಲ್ಲಿ ಟ್ರಾವರ್ಟೈನ್‌ನಂತಹ ಭಾರದ ಕಲ್ಲು ಮತ್ತು ಇಟ್ಟಿಗೆ ಚೂರುಗಳಿದ್ದರೆ, ತುದಿಯಲ್ಲಿ ಪ್ಯೂಮಿಸ್ ಎಂಬ ರಂಧ್ರಮಯವಾದ ಹಗುರ ಜ್ವಾಲಾಮುಖಿ ಶಿಲೆಯಿದೆ. ಮೂರನೆಯದು ಒಳಮೈಯ ತಗ್ಗುಗಳು: ಐದು ಸಾಲುಗಳಲ್ಲಿ, ಸಾಲಿಗೆ 28ರಂತೆ, ಒಟ್ಟು 140 ಚೌಕಾಕಾರದ ತಗ್ಗುಗಳಿವೆ.

ತುದಿಯಲ್ಲಿ ಒಕ್ಯುಲಸ್ ಎಂಬ ತೆರೆದ ರಂಧ್ರವಿದೆ. ಇದರ ವ್ಯಾಸ ಎಂಟರಿಂದ ಒಂಬತ್ತು ಮೀಟರ್. ಬಾಗಿಲನ್ನು ಬಿಟ್ಟರೆ ಬೆಳಕಿಗೆ ಇದೇ ಮುಖ್ಯ ಮೂಲ. ಬೆಚ್ಚನೆಯ ಗಾಳಿ ಮೇಲೇರುವುದರಿಂದ ಮಳೆನೀರು ಒಳಗೆ ಬೀಳುವುದಿಲ್ಲವೆಂಬ ಮಾತು ಪ್ರಚಲಿತವಾಗಿದ್ದರೂ ಅದು ನಿಜವಲ್ಲ. ಮಳೆ ಒಳಗೆ ಬೀಳುತ್ತದೆ. ನೆಲದ ನಡುಭಾಗದಲ್ಲಿರುವ 22 ಸಣ್ಣ ರಂಧ್ರಗಳ ಮೂಲಕ ನೀರು ಹರಿದುಹೋಗುತ್ತದೆ. ದಿನವಿಡೀ ಬೆಳಕಿನ ವೃತ್ತವು ಗೋಡೆ ಮತ್ತು ಗುಮ್ಮಟದ ಮೇಲೆ ಸರಿಯುತ್ತಿರುತ್ತದೆ. ರೋಮ್ ನಗರ ಸ್ಥಾಪನೆಯ ದಿನವೆಂದು ಆಚರಿಸುವ ಏಪ್ರಿಲ್ 21ರ ನಡುಹಗಲಿನಲ್ಲಿ ಅದು ಪ್ರವೇಶದ್ವಾರದ ಮೇಲೆ ಬೀಳುತ್ತದೆ. ಇದು ಉದ್ದೇಶಪೂರ್ವಕ ವಿನ್ಯಾಸವೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಸಮಾಧಿಗಳು ಮತ್ತು ಚರ್ಚ್

ಬೈಜಾಂಟಿಯಮ್ಮಿನ ಸಾಮ್ರಾಟ ಫೋಕಾಸನು ಕಟ್ಟಡವನ್ನು ಪೋಪ್ 4ನೆಯ ಬೋನಿಫೇಸನಿಗೆ ನೀಡಿದ ನಂತರ, ಅದನ್ನು ಕನ್ಯೆ ಮರಿಯಳಿಗೂ ಹುತಾತ್ಮರಿಗೂ ಸಮರ್ಪಿಸಲಾಯಿತು. ಸಾಂಟಾ ಮರಿಯಾ ಆದ್ ಮಾರ್ಟಿರೆಸ್ ಎಂಬುದು ಚರ್ಚಿನ ಹೆಸರು. ರೋಮಿನ ಇತರ ಅನೇಕ ಪ್ರಾಚೀನ ಕಟ್ಟಡಗಳು ಹೊಸ ನಿರ್ಮಾಣಗಳಿಗೆ ಕಲ್ಲಿನ ಗಣಿಗಳಂತಾದಾಗ ಇದು ಬಹುಮಟ್ಟಿಗೆ ಉಳಿದುಕೊಂಡದ್ದು ಈ ನಿರಂತರ ಬಳಕೆಯಿಂದ.

ಗೋಡೆಯ ಕೋಷ್ಠಗಳಲ್ಲಿ ಪೂಜಾವೇದಿಗಳೂ ಸಮಾಧಿಗಳೂ ಇವೆ. ಚಿತ್ರಕಾರ ರಫಾಯೆಲ್ 1520ರಲ್ಲಿ ತೀರಿಕೊಂಡ ಮೇಲೆ ಅವನ ಇಚ್ಛೆಯಂತೆ ಇಲ್ಲಿಯೇ ಹೂಳಲಾಯಿತು. ಸಮಾಧಿಯ ಮೇಲಿನ ಮಾತೆ ಮರಿಯಳ ಪ್ರತಿಮೆಯನ್ನು ಅವನ ಶಿಷ್ಯ ಲೊರೆಂಜೆಟ್ಟೊ ಕೆತ್ತಿದನು. ಏಕೀಕೃತ ಇಟಲಿಯ ಮೊದಲ ದೊರೆ 2ನೆಯ ವಿಕ್ಟರ್ ಇಮ್ಯಾನ್ಯುಯೆಲ್, ಅವನ ಮಗ 1ನೆಯ ಉಂಬರ್ಟೊ ಮತ್ತು ರಾಣಿ ಮಾರ್ಗರೀಟಾ ಅವರ ಸಮಾಧಿಗಳೂ ಇಲ್ಲಿವೆ. ಪೆಂಟೆಕೋಸ್ಟ್ ಹಬ್ಬದಂದು ಒಕ್ಯುಲಸ್ ಮೂಲಕ ಕೆಂಪು ಗುಲಾಬಿ ದಳಗಳನ್ನು ಸುರಿಸುವ ಪದ್ಧತಿಯಿದೆ.

ಪ್ರವೇಶ ಮತ್ತು ನಿಯಮಗಳು

ಮೊದಲು ಪ್ರವೇಶ ಉಚಿತವಾಗಿತ್ತು. 2023ರ ಜುಲೈ 3ರಂದು 5 ಯೂರೊ ಶುಲ್ಕವನ್ನು ಜಾರಿಗೆ ತರಲಾಯಿತು. ಆಗಿನ ಒಪ್ಪಂದದ ಪ್ರಕಾರ ಈ ಹಣದಲ್ಲಿ ಶೇ. 70ರಷ್ಟು ಇಟಲಿಯ ಸಂಸ್ಕೃತಿ ಸಚಿವಾಲಯಕ್ಕೂ ಶೇ. 30ರಷ್ಟು ರೋಮಿನ ಧರ್ಮಪ್ರಾಂತ್ಯಕ್ಕೂ ಸೇರುತ್ತದೆ. ರೋಮ್ ನಗರದ ನಿವಾಸಿಗಳಿಗೂ 18 ವರ್ಷದೊಳಗಿನವರಿಗೂ ವಿನಾಯಿತಿಯಿದೆ. ಪ್ರಾರ್ಥನೆಗೆ ಬರುವವರು ಶುಲ್ಕ ಕೊಡಬೇಕಾಗಿಲ್ಲ. ಪೂಜಾವಿಧಿ ನಡೆಯುವ ವೇಳೆಯಲ್ಲಿ ಪ್ರವಾಸಿಗಳ ವೀಕ್ಷಣೆಗೆ ಅವಕಾಶವಿರುವುದಿಲ್ಲ. ಆರಾಧನಾ ಸ್ಥಳವಾದುದರಿಂದ ಸಭ್ಯ ಉಡುಪು ಮತ್ತು ಮೌನವನ್ನು ನಿರೀಕ್ಷಿಸಲಾಗುತ್ತದೆ. ಇಂತಹ ಕಡೆ ಕಿವಿಯೊಳಗಷ್ಟೇ ಕೇಳಿಸುವ ವಿವರಣೆಯು ಪ್ರಾರ್ಥಿಸುವವರಿಗೂ ನೋಡುವವರಿಗೂ ಒಂದೇ ಸಭಾಂಗಣವನ್ನು ಹಂಚಿಕೊಳ್ಳಲು ನೆರವಾಗುತ್ತದೆ.

ಅನುಕೂಲಗಳು ಮತ್ತು ಮಿತಿಗಳು

ಧ್ವನಿ ವಿವರಣೆಯ ಮುಖ್ಯ ಅನುಕೂಲವೆಂದರೆ ಕಣ್ಣುಗಳು ವಸ್ತುವಿನ ಮೇಲೆಯೇ ಇರುವುದು. ಪುಸ್ತಕವನ್ನು ಓದುವವನು ಪದೇ ಪದೇ ಗುಮ್ಮಟದಿಂದ ದೃಷ್ಟಿ ತೆಗೆಯಬೇಕಾಗುತ್ತದೆ. ಕೇಳುವವನಿಗೆ ಆ ತೊಡಕಿಲ್ಲ. ಬೇಕೆಂದಾಗ ನಿಲ್ಲಿಸುವ ಮತ್ತು ಮತ್ತೆ ಕೇಳುವ ಸೌಲಭ್ಯವೂ ಇದೆ.

ಇದರ ಮಿತಿಗಳೂ ಗಮನಾರ್ಹ. ಧ್ವನಿಮುದ್ರಣವು ಪ್ರಶ್ನೆಗೆ ಉತ್ತರಿಸದು. ಕೇಳುಗನು ನಿಂತ ದಿಕ್ಕು ಬೇರೆಯಾದರೆ ಎಡ-ಬಲಗಳ ಸೂಚನೆಗಳು ತಪ್ಪಾಗುತ್ತವೆ. ಶ್ರವಣದೋಷವುಳ್ಳವರಿಗೆ ಬರಹರೂಪದ ಪಠ್ಯ ಬೇಕಾಗುತ್ತದೆ. ದಪ್ಪ ಗೋಡೆಗಳ ಒಳಗೆ ಇಂಟರ್ನೆಟ್ ಸಂಪರ್ಕ ದುರ್ಬಲವಾಗಬಹುದಾದ ಕಾರಣ ಕಡತಗಳನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳುವುದು ಸೂಕ್ತ. ಎಲ್ಲಕ್ಕಿಂತ ಹೆಚ್ಚಾಗಿ, ಖಚಿತ ಸಂಗತಿಯೂ ಊಹೆಯೂ ಒಂದೇ ದೃಢ ಸ್ವರದಲ್ಲಿ ಕೇಳಿಸುತ್ತವೆ. ಪ್ಯಾಂಥಿಯನ್ ಎಲ್ಲ ದೇವರುಗಳ ದೇವಾಲಯವಾಗಿತ್ತೆಂಬ ಮಾತು ಇದಕ್ಕೆ ಉದಾಹರಣೆ: ಗ್ರೀಕ್ ಮೂಲದ ಈ ಹೆಸರು ಅಂತಹ ಅರ್ಥವನ್ನು ಸೂಚಿಸುತ್ತದೆಯಾದರೂ, ಕಟ್ಟಡದ ಮೂಲ ಉದ್ದೇಶ ಇಂದಿಗೂ ಚರ್ಚೆಯಲ್ಲಿದೆ. ಕಲ್ಲಿನಲ್ಲಿ ಬರೆದ ಶಾಸನವನ್ನೇ ಇಟ್ಟಿಗೆಯ ಮುದ್ರೆಗಳಿಂದ ಪರಿಶೀಲಿಸಬೇಕಾಗಿ ಬಂದ ಈ ಸ್ಮಾರಕದಲ್ಲಿ, ಕಿವಿಯಲ್ಲಿ ಕೇಳಿಸುವ ವಿವರಣೆಯನ್ನೂ ಅದೇ ಎಚ್ಚರದಿಂದ ಸ್ವೀಕರಿಸಬೇಕಾಗುತ್ತದೆ.