ಬರೆದಿಡದ ಕಟ್ಟಳೆ: ಕಳಲೆಯಿಂದ ಪ್ರಜಾಪ್ರತಿನಿಧಿ ಸಭೆಯವರೆಗೆ

ನಂಜನಗೂಡಿನಲ್ಲಿ ಕಪಿಲೆಯ ಮೇಲಿರುವ ಹಳೆಯ ಸೇತುವೆ 1735ರ ಸುಮಾರಿನದು, ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ಸಾಲು ಕಮಾನುಗಳ ಗಟ್ಟಿ ಕೆಲಸ; ಗಾಡಿಗಳ ಓಡಾಟಕ್ಕೆಂದು ಕಟ್ಟಿದ ಇದರ ಮೇಲೆಯೇ ಮುಂದೆ ರೈಲಿನ ಹಳಿಯೂ ಹಾಯ್ದುಹೋಯಿತು. ಅದೇ ಸುಮಾರಿಗೆ, 1734ರಲ್ಲಿ, ಇದೇ ದಳವಾಯಿ ಮನೆತನ ಮೈಸೂರಿನ ಅರಸ ಚಾಮರಾಜ ಒಡೆಯರನ್ನು ಗದ್ದುಗೆಯಿಂದ ಇಳಿಸಿ ಸೆರೆಗೆ ಕಳಿಸಿತ್ತು. ಸೇನಾಪತಿಯೊಬ್ಬ ಅರಸನನ್ನು ಇಳಿಸಬಹುದು ಎಂದು ಯಾವ ಕಾಯ್ದೆಯೂ ಹೇಳಿರಲಿಲ್ಲ. ನಡೆದುಬಂದ ರೂಢಿಯೇ ಅವರಿಗೆ ಆ ಬಲ ಕೊಟ್ಟಿತ್ತು.

ಆ ರೂಢಿಯ ಬೇರು ನಂಜನಗೂಡಿಗೆ ಹತ್ತಿರದಲ್ಲೇ ಇರುವ ಕಳಲೆಯಲ್ಲಿದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ರಾಜ ಒಡೆಯರು ಮತ್ತು ಕಳಲೆಯ ಅರಸು ಮನೆತನದ ನಡುವೆ ಒಂದು ಮಾತುಕತೆ ಆಯಿತೆಂದು ಪರಂಪರೆ ಹೇಳುತ್ತದೆ: ಗದ್ದುಗೆ ಒಡೆಯರದು, ದಳವಾಯಿ ಪಟ್ಟ ಕಳಲೆಯವರದು. ಕೊಟ್ಟ ಭಾಷೆಯ ಮೇಲೆ ನಿಂತ ಈ ಏರ್ಪಾಡು ಪಟ್ಟದಲ್ಲಿದ್ದವರ ತೋಳ್ಬಲಕ್ಕೆ ತಕ್ಕಂತೆ ಹಿಗ್ಗುತ್ತ ಹೋಯಿತು. ದೇವರಾಜಯ್ಯ, ಕರಾಚೂರಿ ನಂಜರಾಜಯ್ಯ ಸೋದರರ ಕಾಲಕ್ಕೆ ಅರಸ ಹೆಸರಿಗಷ್ಟೇ ಉಳಿದ. ಅವರ ಬೆನ್ನಿಗೇ ಬಂದ ಹೈದರಾಲಿ ಅದೇ ದಾರಿಯಲ್ಲಿ ನಡೆದು ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡ; ಅರಸನನ್ನು ಮಾತ್ರ ಅರಮನೆಯಲ್ಲೇ ಉಳಿಸಿದ. ಬರೆದಿಡದ ಕಟ್ಟಳೆಯ ಅಪಾಯವೆಲ್ಲ ಇಲ್ಲಿದೆ: ಕಾಯುವವರಿಲ್ಲದಿದ್ದರೆ ಅದು ಬಲವಂತನ ಪಾಲು.

ಆದರೆ ಇದೇ ನೆಲದಲ್ಲಿ ರೂಢಿ ಪ್ರಜೆಗಳ ಕಡೆಗೂ ವಾಲಿದ ಕತೆಯಿದೆ. 1831ರಿಂದ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರು 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಕೈಯಲ್ಲಿದ್ದ ಒಂದೇ ಲಿಖಿತ ಆಧಾರ ಹಸ್ತಾಂತರದ ಪತ್ರ. ಕೊಡಬೇಕಾದ ಪೊಗದಿ ಎಷ್ಟು, ಗವರ್ನರ್ ಜನರಲ್ಲರನ್ನು ಕೇಳದೆ ಏನೇನು ಬದಲಿಸಕೂಡದು ಎಂಬುದೆಲ್ಲ ಅದರಲ್ಲಿತ್ತು. ಪ್ರಜೆಗಳ ಹಕ್ಕಿನ ಮಾತು ಮಾತ್ರ ಇರಲಿಲ್ಲ.

ಆ ವರ್ಷವೇ ದಿವಾನ್ ರಂಗಾಚಾರ್ಲು ಒಂದು ಸರ್ಕಾರಿ ಆದೇಶದಿಂದ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ತಾಲ್ಲೂಕಿಗೆ ಒಬ್ಬಿಬ್ಬರು ರೈತ ಮುಖಂಡರು, ಜಿಲ್ಲೆಗೆ ಕೆಲವರು ವರ್ತಕರು, ಒಟ್ಟು 144 ಮಂದಿ. ದಸರಾ ಮುಗಿದೊಡನೆ, 1881ರ ಅಕ್ಟೋಬರ್ 7ರಂದು, ಮೈಸೂರಿನಲ್ಲಿ ಮೊದಲ ಸಭೆ. ದಿವಾನರೇ ಎದ್ದುನಿಂತು ವರ್ಷದ ಜಮಾಖರ್ಚು ಓದಿ ಹೇಳಿದರು. ರಾಜ್ಯದ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕಂದಾಯ ಕಟ್ಟುವವರ ಮುಂದೆ ಲೆಕ್ಕ ಒಪ್ಪಿಸುವ ಸಂಪ್ರದಾಯ ಹುಟ್ಟಿದ್ದು ಹೀಗೆ. ಕಪಿಲಾ ತೀರದ ನಂಜನಗೂಡಾಗಲಿ, ಮಾಧವಮಂತ್ರಿ ನಾಲೆಯ ಬಯಲಿನ ತಿರುಮಕೂಡಲು ನರಸೀಪುರವಾಗಲಿ, ಕೆರೆ, ಕಾಲುವೆ, ರಸ್ತೆ, ಕಂದಾಯದ ಅಹವಾಲು ಹೇಳಿಕೊಳ್ಳಲು ಪ್ರತಿ ತಾಲ್ಲೂಕಿಗೂ ವರ್ಷಕ್ಕೊಂದು ಜಾಗ ಸಿಕ್ಕಿತು.

ಈ ಸಭೆಗೆ ಶಾಸನದ ಬಲವಿರಲಿಲ್ಲ, ಮತ ಹಾಕಿ ತೀರ್ಮಾನ ಮಾಡುವ ಅಧಿಕಾರವಿರಲಿಲ್ಲ. ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡಾಗ ಅದು ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಮುಂದಿನ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಸದಸ್ಯರ ಚುನಾವಣೆ ಬಂತು. 1907ರಲ್ಲಿ ನ್ಯಾಯವಿಧಾಯಕ ಸಭೆ ಜೊತೆಗೂಡಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ವರ್ಷಕ್ಕೆ ಎರಡನೆಯ ಅಧಿವೇಶನ ಶುರುವಾಯಿತು. ಕೊನೆಗೆ ಬ್ರಜೇಂದ್ರನಾಥ ಸೀಲ್ ಸಮಿತಿಯ ಶಿಫಾರಸಿನ ಮೇಲೆ 1923ರಲ್ಲಿ ಸಭೆಗೆ ಶಾಸನದ ಆಧಾರ ದೊರೆಯಿತು. ಹೊಸ ತೆರಿಗೆ ಹಾಕುವ ಮುನ್ನ ಸಭೆಯನ್ನು ಕೇಳಬೇಕಾಯಿತು. ಮಹಿಳೆಯರಿಗೂ ಮತದಾನದ ಬಾಗಿಲು ತೆರೆಯಿತು. ಮೊದಲು ನಡೆ, ನಲವತ್ತೆರಡು ವರ್ಷದ ಮೇಲೆ ನುಡಿ!

ಬ್ರಿಟನ್ನಿನ ಸಂವಿಧಾನ ಬೆಳೆದದ್ದೂ ಇದೇ ಬಗೆಯಲ್ಲಿ. 1215ರ ಮ್ಯಾಗ್ನಾ ಕಾರ್ಟಾ, 1689ರ ಹಕ್ಕುಗಳ ಮಸೂದೆ, 1911ರ ಪಾರ್ಲಿಮೆಂಟ್ ಕಾಯ್ದೆ, ಇವುಗಳ ನಡುವಿನ ಜಾಗವನ್ನೆಲ್ಲ ತುಂಬಿರುವುದು ರೂಢಿ. ಆದರೆ ಅಲ್ಲಿ ಪಾರ್ಲಿಮೆಂಟಿನ ವಿಶ್ವಾಸ ಕಳೆದುಕೊಂಡ ಪ್ರಧಾನಿ ಇಳಿಯಬೇಕು, ಇಲ್ಲವೇ ಚುನಾವಣೆಗೆ ಹೋಗಬೇಕು. ಮೈಸೂರಿನ ಸಭೆಗೆ ದಿವಾನರನ್ನು ಇಳಿಸುವ ಶಕ್ತಿ ಎಂದೂ ಬರಲಿಲ್ಲ. ತುಂಡು ಭೂಮಿಯೂ ಇಲ್ಲದ ಕೂಲಿಯವರು, ಊರ ಹೊರಗಿಟ್ಟ ಜನ ಬಹುಮಟ್ಟಿಗೆ ಮತದಾರರ ಪಟ್ಟಿಯ ಆಚೆಗೇ ಉಳಿದಿದ್ದರು. ತಗಡೂರು ರಾಮಚಂದ್ರರಾಯರಂಥವರು ನಂಜನಗೂಡಿನ ಹಳ್ಳಿಗಳಲ್ಲಿ ಖಾದಿ, ಕಾಂಗ್ರೆಸ್ಸಿನ ಕೆಲಸಕ್ಕೆ ಇಳಿದದ್ದು ಈ ಕೊರತೆ ಇದ್ದ ಕಾಲದಲ್ಲೇ. 1947ರ ಮೈಸೂರು ಚಲೋ ಚಳವಳಿಯ ನಂತರವೇ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದದ್ದು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರು ಭಾರತದ ಸಂವಿಧಾನವನ್ನು ಒಪ್ಪಿ ಘೋಷಣೆ ಹೊರಡಿಸಿದರು.

ಇವತ್ತು ಸ್ಥಿತಿ ತಿರುಗುಮುರುಗಾಗಿದೆ. ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ಕಾಯ್ದೆ ಇರಲಿಲ್ಲ, ಆದರೂ ಜನ ವರ್ಷ ವರ್ಷವೂ ಹೋಗಿ ಕೇಳಿದರು. ಈಗ ಗ್ರಾಮಸಭೆ ನಡೆಯಲೇಬೇಕೆಂದು 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಬರೆದಿದೆ. ಎಷ್ಟೋ ಊರುಗಳಲ್ಲಿ ಅದು ಸಹಿ ಪುಸ್ತಕದಲ್ಲಷ್ಟೇ ನಡೆಯುತ್ತದೆ. 1881ರ ರೈತರು ನಮಗೆ ಬಿಟ್ಟುಹೋದದ್ದು ಲೆಕ್ಕ ಕೇಳುವ ರೂಢಿ. ಅದನ್ನು ಕಳೆದುಕೊಂಡರೆ ಬರೆದಿಟ್ಟ ಸಂವಿಧಾನಕ್ಕೂ ಕಳಲೆಯ ಭಾಷೆಯ ಗತಿಯೇ. ಮುಂದಿನ ಗ್ರಾಮಸಭೆಗೆ ಹೋಗಿ ನಮ್ಮೂರಿನ ಜಮಾಖರ್ಚು ಓದಿಸಿ ಕೇಳೋಣ.