ನಿಮಗಿದು ಗೊತ್ತೇ? ಶ್ರೀನಗರದಿಂದ ಬಯಾಲಜಿಗೆ ಕಡಿಮೆ ಖರ್ಚಿನ ದಾರಿ

ನೀಟ್ ರ‍್ಯಾಂಕ್ ಕೈಕೊಟ್ಟಿದೆ. ಮಗಳಿಗೆ ಬಯಾಲಜಿ ಬಿಟ್ಟು ಬೇರೇನೂ ಬೇಡ. ಮ್ಯಾನೇಜ್‌ಮೆಂಟ್ ಸೀಟಿಗೆ ಕೊಡುವಷ್ಟು ದುಡ್ಡು ಮನೆಯಲ್ಲಿಲ್ಲ. ಪಿಯು ಫಲಿತಾಂಶ ಬಂದ ಮೇಲೆ ಬೆಂಗಳೂರಿನ ಶ್ರೀನಗರ, ಹನುಮಂತನಗರ, ಗಿರಿನಗರದ ಎಷ್ಟೋ ಮನೆಗಳಲ್ಲಿ ಇದೇ ಮಾತು. ಈ ಸಲದ ಕಂತು ಆ ಮನೆಗಳಿಗೆ.

ಒಂದೇ ಕಾಲೇಜು, ಒಂದೇ ಗೇಟು, ಒಂದೇ ಕ್ಯಾಂಟೀನು. ಆದರೂ ಪಕ್ಕಪಕ್ಕದ ಇಬ್ಬರು ಬಿ.ಎಸ್ಸಿ ವಿದ್ಯಾರ್ಥಿಗಳು ಕಟ್ಟುವ ಫೀಸು ಅಜಗಜಾಂತರ ಇರಬಹುದು, ಗೊತ್ತೇ? ಕಾರಣ ಅನುದಾನ. ಅನುದಾನಿತ ವಿಭಾಗದಲ್ಲಿ ಅಧ್ಯಾಪಕರ ಸಂಬಳ ಸರ್ಕಾರದ್ದು, ಹಾಗಾಗಿ ಬೋಧನಾ ಶುಲ್ಕವೂ ಸರ್ಕಾರ ಹೇಳಿದಷ್ಟೇ. ಆಮೇಲೆ ಶುರುವಾದ ಕೋರ್ಸುಗಳು ಬಹುಪಾಲು ಅನುದಾನರಹಿತ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಸೇರಿದ ಸಿಬಿಝಡ್ ಹಳೆಯ ಕಾಂಬಿನೇಷನ್. ಹಳೆಯ ಕಾಲೇಜುಗಳಲ್ಲಿ ಅನುದಾನದ ಕಡೆ ಇರುವ ಸಂಭವ ಹೆಚ್ಚು. ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಜೆನೆಟಿಕ್ಸ್ ಹೊಸಬರು. ಕೌಂಟರಿನಲ್ಲಿ "ಫೀಸು ಎಷ್ಟು?" ಎಂದಷ್ಟೇ ಕೇಳಬೇಡಿ. "ಈ ಕಾಂಬಿನೇಷನ್ ಏಡೆಡ್ಡಾ, ಅನ್‌ಏಡೆಡ್ಡಾ? ಲ್ಯಾಬು, ಪರೀಕ್ಷೆ, ಅಭಿವೃದ್ಧಿ ಶುಲ್ಕ ಎಲ್ಲ ಸೇರಿ ಆರು ಸೆಮಿಸ್ಟರಿಗೆ ಎಷ್ಟಾಗತ್ತೆ?" ಎಂದು ಕೇಳಿ.

ಸಿಬಿಝಡ್ ಓದಿದವರಿಗೆ ಮುಂದೆ ಬಯೋಟೆಕ್ ಬಾಗಿಲು ಮುಚ್ಚಿತು ಎಂಬುದು ಸುಳ್ಳು. ಅನೇಕ ವಿಶ್ವವಿದ್ಯಾಲಯಗಳ ಎಂ.ಎಸ್ಸಿ ಬಯೋಟೆಕ್ನಾಲಜಿಗೆ ಅವರೂ ಅರ್ಹರು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಬೆಂಬಲಿಸುವ ಎಂ.ಎಸ್ಸಿ ಕೋರ್ಸುಗಳಿಗೆ ಗ್ಯಾಟ್-ಬಿ ಪರೀಕ್ಷೆ ಬರೆದು ಸೇರಿದರೆ ತಿಂಗಳು ತಿಂಗಳು ವಿದ್ಯಾರ್ಥಿವೇತನವೂ ಉಂಟು.

ಇನ್ನೂ ಒಂದು ತಮಾಷೆ ಇದೆ. ಮೂಲವಿಜ್ಞಾನ ಓದುವವರಿಗಾಗಿ ಕೇಂದ್ರ ಸರ್ಕಾರ 2008ರಲ್ಲಿ ತಂದ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿಯ ವಿದ್ಯಾರ್ಥಿವೇತನವಿದೆ: 60,000 ಕೈಗೆ, 20,000 ಬೇಸಿಗೆ ಸಂಶೋಧನೆಗೆ. ಆಯಾ ಬೋರ್ಡಿನ ಹನ್ನೆರಡನೇ ತರಗತಿಯಲ್ಲಿ ಮೇಲಿನ ಶೇ 1ರೊಳಗೆ ಬಂದವರಿಗೆ ಅರ್ಜಿ ಹಾಕುವ ಅವಕಾಶ. ಇದರ ವಿಷಯಪಟ್ಟಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಎಲ್ಲ ಇವೆ, ಬಯೋಟೆಕ್ನಾಲಜಿ ಇಲ್ಲ! ಹೆಚ್ಚು ಫೀಸು ಕಟ್ಟಿಸಿಕೊಳ್ಳುವ ಕೋರ್ಸಿಗೇ ಸ್ಕಾಲರ್‌ಶಿಪ್ ಇಲ್ಲ. ಸೇರುವ ಮೊದಲು ಆ ವರ್ಷದ ಪ್ರಕಟಣೆಯನ್ನು ಒಮ್ಮೆ ಓದಿಬಿಡಿ.

ಕಪ್ಪೆ ಕೊಯ್ಯಬೇಕಲ್ಲ ಎಂದು ಪ್ರಾಣಿಶಾಸ್ತ್ರಕ್ಕೆ ಹೆದರುವವರು ಈಗಲೂ ಇದ್ದಾರೆ. ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ಯುಜಿಸಿ 2014ರಲ್ಲೇ ನಿಲ್ಲಿಸಿದೆ. ಆ ಭಯಕ್ಕೆ ವಯಸ್ಸಾಯಿತು.

ನಮ್ಮ ಮೆಟ್ರೋದ ಹಸಿರು ಮಾರ್ಗದಲ್ಲಿ ಒಂದು ನಿಲ್ದಾಣದ ಹೆಸರೇ ನ್ಯಾಷನಲ್ ಕಾಲೇಜು. 1945ರಲ್ಲಿ ಶುರುವಾದ ಬಸವನಗುಡಿಯ ಈ ಕಾಲೇಜಿಗೆ ಶ್ರೀನಗರದಿಂದ ಎರಡು-ಮೂರು ಕಿಲೋಮೀಟರ್, ಹನುಮಂತನಗರದ ಇಳಿಜಾರಿನಲ್ಲಿ ನಡೆದೇ ಹೋಗಬಹುದು. ಇಲ್ಲಿ ಪ್ರಿನ್ಸಿಪಾಲರಾಗಿದ್ದ ಎಚ್. ನರಸಿಂಹಯ್ಯನವರು ಓದಿನ ಆಸೆಗೆ ಗೌರಿಬಿದನೂರಿನ ಕಡೆಯಿಂದ ಬೆಂಗಳೂರಿಗೆ ನಡೆದೇ ಬಂದವರು, ರೈಲಿಗೆ ಕೊಡಲು ಕಾಸಿರಲಿಲ್ಲ. ಆಮೇಲೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ವಾಸ ಮಾತ್ರ ಕಾಲೇಜು ಹಾಸ್ಟೆಲಿನ ಕೋಣೆಯಲ್ಲೇ. ಅವರು 1962ರಲ್ಲಿ ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ನೀವು ಯಾವ ಕಾಲೇಜಿನವರು ಎಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಟಿಕೆಟ್ಟೂ ಇಲ್ಲ.

ಆಸುಪಾಸಿನಲ್ಲೇ ವಿಜಯಾ ಕಾಲೇಜು, ಎನ್.ಆರ್. ಕಾಲೊನಿಯ ಆಚಾರ್ಯ ಪಾಠಶಾಲೆ, ಬ್ಯೂಗಲ್ ರಾಕ್ ರಸ್ತೆಯ ಬಿಎಂಎಸ್ ಮಹಿಳಾ ಕಾಲೇಜು, ಜಯನಗರದ ನ್ಯಾಷನಲ್. ಪೂರ್ತಿ ಸರ್ಕಾರಿಯೇ ಬೇಕೆಂದರೆ ಅರಮನೆ ರಸ್ತೆಯ ಮಹಾರಾಣಿ ವಿಜ್ಞಾನ ಕಾಲೇಜು ಹೆಣ್ಣುಮಕ್ಕಳಿಗೆ. ನೃಪತುಂಗ ರಸ್ತೆಯ ಹಳೆಯ ಸರ್ಕಾರಿ ವಿಜ್ಞಾನ ಕಾಲೇಜು ಈಗ ನೃಪತುಂಗ ವಿಶ್ವವಿದ್ಯಾಲಯ. ದೂರವೆಂದು ಹಿಂಜರಿಯುವ ತಾಯಂದಿರಿಗೆ ಒಂದು ಲೆಕ್ಕ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಮಗಳ ಓಡಾಟಕ್ಕೆ ಕಾಸಿಲ್ಲ. ಮಗನಾದರೆ ವಿದ್ಯಾರ್ಥಿ ಪಾಸು ಮಾಡಿಸಬೇಕು.

ಬಯೋಕಾನ್‌ನ ಕಿರಣ್ ಮಜುಂದಾರ್ ಶಾ ಅವರದ್ದೂ ಮೆಡಿಕಲ್ ಕನಸೇ ಆಗಿತ್ತು. ಸ್ಕಾಲರ್‌ಶಿಪ್ ಸಿಗಲಿಲ್ಲ. 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ ಮುಗಿಸಿದರು. 1978ರಲ್ಲಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಕಂಪನಿ ಶುರುವಾಯಿತು.

ಇನ್ನೊಬ್ಬರು ಬಸವನಗುಡಿಯವರೇ, ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿ. ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, ಹಾರ್ವರ್ಡಿನಲ್ಲಿ ಸಂಶೋಧನೆ ಮಾಡಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಿನ್ಸಿಪಾಲರಾದರು. ಶಿಷ್ಯರ ಜತೆ ಕಾಡು ಸುತ್ತಿದ ಕಥೆಯಾದ 'ಹಸುರು ಹೊನ್ನು' ಪುಸ್ತಕಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಬಾಟನಿ ಎಂದರೆ ಬರೀ ಬಾಯಿಪಾಠ ಎನ್ನುವ ಮಕ್ಕಳ ಕೈಗೆ ಇದನ್ನು ಕೊಟ್ಟು ನೋಡಿ.

ಊರಲ್ಲಿ ಅಪ್ಪನ ಹೆಸರಿನಲ್ಲಿ ಪಹಣಿ ಇದೆಯೇ? ಮಾಗಡಿಯೋ ಕುಣಿಗಲೋ ಮದ್ದೂರೋ, ಶ್ರೀನಗರದ ಬಹಳ ಮನೆಗಳಿಗೆ ಇನ್ನೂ ಒಂದಷ್ಟು ಹೊಲ ಇದ್ದೇ ಇರುತ್ತದೆ. ಸಿಇಟಿ ಮೂಲಕ ಸಿಗುವ ಬಿ.ಎಸ್ಸಿ ಕೃಷಿ, ತೋಟಗಾರಿಕೆ, ರೇಷ್ಮೆ, ಅರಣ್ಯ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ನಿಯಮದ ಪ್ರಕಾರ ದಾಖಲೆಗಳು ಇರಬೇಕು, ಜತೆಗೆ ಪ್ರಾಯೋಗಿಕ ಪರೀಕ್ಷೆಯೂ ಇದೆ: ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ರಜೆಯಲ್ಲಿ ತಾತನ ಹೊಲಕ್ಕೆ ಹೋಗಿ ಮೊಬೈಲ್ ನೋಡುತ್ತ ಕೂತವರು ಇಲ್ಲಿ ಎಡವುತ್ತಾರೆ. ಹೆಬ್ಬಾಳದ ಆಚೆ ಇರುವ ಜಿಕೆವಿಕೆ, 1964ರಲ್ಲಿ ಹುಟ್ಟಿದ ಕೃಷಿ ವಿಶ್ವವಿದ್ಯಾಲಯದ ಆವರಣ.

ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಸಿಇಟಿಯಲ್ಲಿ ಶೇ 5 ಮೀಸಲಿದೆ. ಅರ್ಜಿಯಲ್ಲಿ ಆ ಕಾಲಮ್ಮನ್ನು ಖಾಲಿ ಬಿಡಬೇಡಿ. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ತನ್ನಿ, ರಜೆಯಲ್ಲಿ ಹೆಡ್‌ಮಾಸ್ಟರು ಸಿಗುವುದಿಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಜಯನಗರ 4ನೇ ಟಿ ಬ್ಲಾಕಿನಲ್ಲೇ. 1996ರಲ್ಲಿ ಶುರುವಾದ ಇದರ ಅಡಿಯಲ್ಲಿ ಎಂಬಿಬಿಎಸ್ ಮಾತ್ರವಲ್ಲ, ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ, ಇಮೇಜಿಂಗ್, ಡಯಾಲಿಸಿಸ್ ಪದವಿಗಳೂ ಇವೆ. ಬೇಗ ಕೆಲಸಕ್ಕೆ ಸೇರಬೇಕಾದ ಮನೆಯವರು ಮೊದಲು ಇವುಗಳತ್ತ ನೋಡುವುದು ಜಾಣತನ. ಅದರಲ್ಲೂ ಸರ್ಕಾರಿ ಸಂಸ್ಥೆಯ ಸೀಟು ಸಿಕ್ಕರೆ.

ಟೀಚರ್ ಆಗುವ ಆಸೆಯೇ? ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿ.ಎಸ್ಸಿ, ಬಿ.ಇಡಿ ಎರಡೂ ಸೇರಿ ನಾಲ್ಕೇ ವರ್ಷ. ಎನ್‌ಸಿಇಆರ್‌ಟಿ 1963ರಲ್ಲಿ ತೆರೆದ ಸಂಸ್ಥೆ, ಹಾಸ್ಟೆಲ್ ಇದೆ. ಪ್ರವೇಶ ಪರೀಕ್ಷೆ ಬರೆಯಬೇಕು.

1909ರ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಐಐಎಸ್‌ಸಿಗೆ, ಪಿಯು ಮುಗಿಸಿದವರು ಸೇರುವಂತಾದದ್ದು 2011ರಿಂದ. ಅದಕ್ಕೆ ಕೆವಿಪಿವೈ ಬರೆಸಿ ಎಂದು ಈಗಲೂ ಸಲಹೆ ಕೊಡುವವರಿದ್ದಾರೆ. ಆ ಪರೀಕ್ಷೆ 2022ರಲ್ಲೇ ನಿಂತಿತು. ಬಯಾಲಜಿಯ ಮಕ್ಕಳಿಗೆ ಒಗ್ಗುವುದು ಕೇಂದ್ರದ ವಿಜ್ಞಾನ ಶಿಕ್ಷಣ ಸಂಸ್ಥೆಗಳಾದ ಐಸರ್‌ಗಳು ನಡೆಸುವ ಪ್ರವೇಶ ಪರೀಕ್ಷೆ ಐಎಟಿ: ಜೀವಶಾಸ್ತ್ರ, ರಸಾಯನ, ಭೌತ, ಗಣಿತ ನಾಲ್ಕರಲ್ಲೂ ಹದಿನೈದು ಹದಿನೈದು ಪ್ರಶ್ನೆ. ಗಣಿತ ಬಿಟ್ಟು ಓದಿದವರಿಗೆ ಕಷ್ಟ. ದೇಶದ ಏಳು ಐಸರ್‌ಗಳಲ್ಲಿ ನಮಗೆ ಹತ್ತಿರದ್ದು ತಿರುಪತಿ.

ಈ ಸೀಟುಗಳು ಕೈತಪ್ಪಿದರೂ ಬೇಸರ ಬೇಡ. ಮೂರು ವರ್ಷ ಬಸವನಗುಡಿಯಲ್ಲೇ ಬಿ.ಎಸ್ಸಿ ಮುಗಿಸಿ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿಗೆ ಪ್ರಯತ್ನಿಸಬಹುದು. ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲೂ ಅಂಥ ಕೋರ್ಸಿದೆ. ಅಲ್ಲಿ ಓದುವವರಿಗೆ ಸಂಸ್ಥೆಯೇ ತಿಂಗಳು ತಿಂಗಳು ಹಣ ಕೊಡುತ್ತದೆ. ಪದವಿಯ ನಡುವಿನ ಬೇಸಿಗೆಗೆ ವಿಜ್ಞಾನ ಅಕಾಡೆಮಿಗಳ ಸಂಶೋಧನಾ ಫೆಲೋಶಿಪ್ ಇದೆ. ಅರ್ಜಿಗಳು ಹೋಗುವುದು ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಮೂಲಕವೇ.

ರಾಜ್ಯದ ವಿದ್ಯಾರ್ಥಿವೇತನಗಳೆಲ್ಲ ಎಸ್‌ಎಸ್‌ಪಿ ಪೋರ್ಟಲಿನಲ್ಲಿ. ಹಣ ಮಂಜೂರಾದರೂ ಖಾತೆಗೆ ಬರಲಿಲ್ಲ ಎಂಬ ದೂರಿಗೆ ಸಾಮಾನ್ಯ ಕಾರಣ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರುವುದು. ಜಾತಿ-ಆದಾಯ ಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕುವ ದಿನವೇ ಬ್ಯಾಂಕಿಗೂ ಹೋಗಿ ಆ ಕೆಲಸ ಮುಗಿಸಿಕೊಂಡು ಬನ್ನಿ.